ಹನಿಗೂಡಿದ ಹಣ ಎಲ್ಲಿಗೆ ಹರಿಯಬೇಕು?

ಪ್ರಶ್ನೆ: ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಸಣ್ಣ ಆದಾಯದವರು ದಾನ, ಉಳಿತಾಯ ಎರಡನ್ನೂ ಯೋಗ್ಯ ಕಡೆಗೆ ಸೇರಿಸುವುದು ಹೇಗೆ?

ಉತ್ತರ: ಎರಡಕ್ಕೂ ಅಳತೆಗೋಲು ಒಂದೇ: ಹಣ ಹೋದ ದಾರಿ ಕಾಣಬೇಕು. ಸಣ್ಣ ಮೊತ್ತದಿಂದ ಏನಾದೀತು ಎನ್ನುವವರಿಗೆ ಉಡುಪಿಯಲ್ಲೇ ಉತ್ತರವಿದೆ. 1925ರಲ್ಲಿ ಅಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತೆರೆದು, ಮನೆಬಾಗಿಲಲ್ಲೇ ದಿನಕ್ಕೆರಡಾಣೆ ಕೂಡಿಸಿ ಬೆಳೆಯಿತು. ಊರಿನ ಸಹಕಾರಿ ಸಂಘದಲ್ಲಿಟ್ಟ ಹಣ ನೆರೆಯವರ ಗದ್ದೆಗೋ ದೋಣಿಗೋ ಸಾಲವಾದರೆ ಒಳ್ಳೆಯದೇ. ಆದರೆ 5 ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆ ಬ್ಯಾಂಕುಗಳಿಗೆ ಮಾತ್ರ, ಪತ್ತಿನ ಸಂಘಗಳಿಗಿಲ್ಲ. ಆದ್ದರಿಂದ ಆಪತ್ತಿನ ಹಣ ಬ್ಯಾಂಕಿನಲ್ಲಿರಲಿ, ಉಳಿದದ್ದರಲ್ಲಿ ಒಂದು ಪಾಲು ಮಾತ್ರ ಸಂಘಕ್ಕೆ ಹೋಗಲಿ. ದಾನಕ್ಕೆ 80ಜಿ ರಸೀದಿಯೊಂದೇ ಸಾಲದು. ಅದು ತೆರಿಗೆ ರಿಯಾಯಿತಿಯ ದಾಖಲೆಯೇ ಹೊರತು ಕೆಲಸದ ಸಾಕ್ಷಿಯಲ್ಲ. ಲೆಕ್ಕಪತ್ರ ಕೇಳಿದರೆ ಮುಖ ಗಂಟಿಕ್ಕದ ಸಂಸ್ಥೆಗೇ ಕೊಡಿ.