ಹುಬ್ಬಳ್ಳಿ ಪೇಟೆಗೆ ಗಿರಾಕಿ ಬರುವುದು ಯಾವ ದಾರಿಯಿಂದ?

ಕುಂದಗೋಳ ತಾಲ್ಲೂಕಿನ ಯರಗುಪ್ಪಿಯಂಥ ಊರಲ್ಲಿ ಮದುವೆ ಗೊತ್ತಾದರೆ ಜವಳಿ ತರಲು ಹುಬ್ಬಳ್ಳಿಗೆ ಹೊರಡಬೇಕು. ಬೀಗರು, ಅತ್ತಿಗೆ, ಸೋದರಮಾವ, ಸಣ್ಣ ಹುಡುಗರು ಎಲ್ಲ ಸೇರಿ ಹತ್ತು ಹನ್ನೆರಡು ಜನ. ಅಂಗಡಿಯ ಬಿಳಿ ಗಾದಿಯ ಮೇಲೆ ಕುಂತು ಸೀರೆ ಬಿಚ್ಚಿಸಿ, ಚೌಕಾಶಿ ಮಾಡಿ, ಚಹಾ ಕುಡಿದು ಏಳುವಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಬಳೆ, ಬಾಂಡೆ ಸಾಮಾನು, ದುರ್ಗದಬೈಲಿನಲ್ಲಿ ಗಿರಮಿಟ್ಟು. ಹುಬ್ಬಳ್ಳಿಯ ಹಳೇ ಪೇಟೆ ಬೆಳೆದದ್ದು ಇಂಥ ಗಿರಾಕಿಗಳಿಂದ.

ಇನ್ನೊಂದು ಆಸರೆ ಕಾರ್ಮಿಕರ ಪಗಾರ. 1880ರ ದಶಕದಲ್ಲಿ ಇಲ್ಲಿ ನೂಲಿನ ಗಿರಣಿ ಬಂತು, 1885ರಲ್ಲಿ ರೈಲ್ವೆ ಕಾರ್ಖಾನೆ. ಕರಿಮಣ್ಣಿನ ಹತ್ತಿ ಇಲ್ಲೇ ಅರಳೆಯಾಗಿ, ನೂಲಾಗಿ ಹೋಗುತ್ತಿತ್ತು. ರೈಲ್ವೆ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ಬಟ್ಟೆ ಗಿರಣಿಗಳು ಮುಚ್ಚಿದವು, ಗಿರಣಿ ಚಾಳ ಎಂಬ ಹೆಸರು ಉಳಿಯಿತು. ಸಗಟು ವ್ಯಾಪಾರ ಅಮರಗೋಳದ ಎಪಿಎಂಸಿಗೆ ಸರಿಯಿತು. ಕೈಯಲ್ಲಿ ನಾಲ್ಕು ಕಾಸು ಹೆಚ್ಚಿದ್ದವರು ವಿದ್ಯಾನಗರ, ಗೋಕುಲ ರಸ್ತೆಯ ಹೊಸ ಮಳಿಗೆಗಳತ್ತ ಹೊರಳಿದರು. ಊರು ಬೆಳೆಯುತ್ತಲೇ ಇದೆ. ಸೊರಗಿದ್ದು ಅದರ ನಡುಭಾಗ.

ಅದಕ್ಕೆ ಔಷಧವೂ ಬಂತು. 2016ರಲ್ಲಿ ಹುಬ್ಬಳ್ಳಿ–ಧಾರವಾಡ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಜನತಾ ಬಜಾರ್ ಹೊಸದಾಗಿ ಎದ್ದಿತು, ಹಳೇ ಬಸ್ ನಿಲ್ದಾಣವನ್ನು ಕೆಡವಿ ಕಟ್ಟಿದರು. ಚೆನ್ನಮ್ಮ ವೃತ್ತದಲ್ಲಿ ಮೇಲ್ಸೇತುವೆಯ ಕಂಬಗಳೆದ್ದವು. ವಾದ ಹುಟ್ಟುವುದು ಇಲ್ಲೇ. ದಟ್ಟಣೆ ಕರಗಿದರೆ ಪೇಟೆ ತಾನಾಗಿ ಚಿಗುರುತ್ತದೆ ಎನ್ನುವ ವಾದ ಒಂದು ಕಡೆ. ವರ್ಷಗಟ್ಟಲೆ ರಸ್ತೆ ಅಗೆದರೆ ಬರುವ ಗಿರಾಕಿಯೂ ದಾರಿ ಮರೆಯುತ್ತಾನೆ ಎಂಬ ವರ್ತಕರ ಅಳಲು ಇನ್ನೊಂದು ಕಡೆ. ನನ್ನ ಮತ ವರ್ತಕರ ಕಡೆಗೆ. ಮೇಲ್ಸೇತುವೆ ಅನುಕೂಲವಾಗುವುದು ಹುಬ್ಬಳ್ಳಿಯನ್ನು ದಾಟಿ ಹೋಗುವವರಿಗೆ, ಹುಬ್ಬಳ್ಳಿಯಲ್ಲಿ ಇಳಿಯುವವರಿಗಲ್ಲ.

ಹಳೇ ಬಸ್ ನಿಲ್ದಾಣದಲ್ಲಿ ಇಳಿದರೆ ಪೇಟೆ ಕಾಲ್ನಡಿಗೆಯ ದೂರ. ಕಾಮಗಾರಿ ನಡೆದಷ್ಟು ಕಾಲ ಬಸ್ಸುಗಳನ್ನು ಹೊಸೂರು, ಗೋಕುಲ ರಸ್ತೆಯ ಕಡೆಗೆ ತಿರುಗಿಸಿದರು. ಅಲ್ಲಿಂದ ಮತ್ತೊಂದು ಬಸ್ಸು ಇಲ್ಲವೇ ಆಟೋ. ನೂರು ರೂಪಾಯಿ ಉಳಿಸಲು ಪೇಟೆಗೆ ಬರುವ ಹೆಣ್ಣುಮಗಳು ಆಟೋಕ್ಕೆ ನೂರು ಕೊಟ್ಟು ಏನು ಉಳಿಸಿಯಾಳು? 22 ಕಿ.ಮೀ. ಉದ್ದದ ಬಿಆರ್‌ಟಿಎಸ್ ದಾರಿಯಲ್ಲಿ ಚಿಗರಿ ಬಸ್ಸು ಜೋರಾಗಿ ಓಡುತ್ತದೆ ನಿಜ. ಆದರೆ ಅದು ಹುಬ್ಬಳ್ಳಿ–ಧಾರವಾಡವನ್ನು ಬೆಸೆಯಿತೇ ಹೊರತು ಕುಂದಗೋಳ, ನವಲಗುಂದದ ಹಳ್ಳಿಗಳನ್ನಲ್ಲ.

ಗಿರಣಿಯ ಜಾಗದಲ್ಲಿ ಮಾಲ್ ಎಬ್ಬಿಸಿದರೆ ಆಯಿತಲ್ಲ ಎನ್ನುವವರು ಮುಂಬೈನ ಲೋವರ್ ಪರೇಲ್ ನೋಡಿ ಬರಬೇಕು. ಅಲ್ಲಿ ನೆಲಕ್ಕೆ ಬೆಲೆ ಬಂತು, ಗಿರಣಿಯ ದುಡಿಮೆ ಮರಳಲಿಲ್ಲ. ಹುಬ್ಬಳ್ಳಿಗೆ ಬೇರೆ ಮಾದರಿ ಬೆಂಗೇರಿಯಲ್ಲೇ ಇದೆ. 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹೆಣ್ಣುಮಕ್ಕಳು ಇಂದಿಗೂ ರಾಷ್ಟ್ರಧ್ವಜ ಹೊಲಿಯುತ್ತಾರೆ. ಪೇಟೆಯ ಬದಿಯ ಖಾಲಿ ಜಾಗಗಳಲ್ಲಿ ಅಂಥ ಹೊಲಿಗೆ, ನೇಯ್ಗೆಯ ಕೆಲಸಕ್ಕೆ ನೆರಳು ಕೊಟ್ಟರೆ ಆ ಪಗಾರದ ಒಂದು ಪಾಲಾದರೂ ಸಂಜೆಗೆ ಹತ್ತಿರದ ಅಂಗಡಿಗೇ ಬಂದೀತು.

ಮೊದಲು ಮಾಡಬೇಕಾದ್ದು ತೀರ ಸಣ್ಣದು. ದುರ್ಗದಬೈಲಿನ ತಿಂಡಿ ಗಾಡಿಗಳು ರಂಗೇರುವುದು ಸಂಜೆಯ ಮೇಲೆ. ಅಷ್ಟರಲ್ಲಿ ಹಳ್ಳಿಯವರು ಚೀಲ ಹೊತ್ತು ಬಸ್ಸಿನ ಕಡೆ ಓಡುತ್ತಿರುತ್ತಾರೆ. ಯರಗುಪ್ಪಿ ಕಡೆಗೆ ರಾತ್ರಿ ಒಂಬತ್ತಕ್ಕೆ, ಅದೂ ಹಳೇ ನಿಲ್ದಾಣದಿಂದಲೇ, ಒಂದು ಬಸ್ಸು ಬಿಡಲು ಯಾವ ಟೆಂಡರೂ ಕರೆಯಬೇಕಾಗಿಲ್ಲ.