ಗೆಳೆಯನೊಡನೆ ಒಂದು ನಾಟಕ

ಆರೋಗ್ಯಕ್ಕೆ ಹಿತಮಿತವಾದ ಆಹಾರ, ವ್ಯಾಯಾಮ, ನಿದ್ರೆಗಳು ಅವಶ್ಯವೆಂಬುದನ್ನು ಎಲ್ಲರೂ ಬಲ್ಲರು. ಗೆಳೆಯನೊಡನೆ ಕುಳಿತು ನೋಡುವ ನಾಟಕವನ್ನೂ ಈ ಸಾಲಿಗೆ ಸೇರಿಸಬೇಕೆಂದರೆ ಕೆಲವರಿಗೆ ನಗು ಬಂದೀತು. ಆದರೆ ವಿಷಯ ನಗುವಂಥದಲ್ಲ.

ನಾಗಪುರದ ಉತ್ತರಕ್ಕಿರುವ ಖಾಪರಖೇಡಾವನ್ನೇ ತೆಗೆದುಕೊಳ್ಳೋಣ. 1989ರಲ್ಲಿ ಆರಂಭವಾದ ಅಲ್ಲಿನ ಉಷ್ಣ ವಿದ್ಯುತ್ ಕೇಂದ್ರ ಬೆಳೆದು 1340 ಮೆಗಾವಾಟ್ ಸಾಮರ್ಥ್ಯ ಪಡೆದಿದೆ. ಹಗಲಿರುಳು ಪಾಳಿಯ ಮೇಲೆ ನಡೆಯುವ ಇಂಥ ಊರಿನಲ್ಲಿ ನೆರೆಹೊರೆಯವರು ದಿನಗಟ್ಟಲೆ ಪರಸ್ಪರ ಮುಖ ನೋಡದಿರುವುದುಂಟು. ಪರಭಾಷೆಯ ನೆಲದಲ್ಲಿ ನೆಲೆಸಿದವನನ್ನು ನಿವೃತ್ತಿಯ ಬಳಿಕ ಒಂಟಿತನ ಮೆಲ್ಲನೆ ಆವರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಜಗತ್ತಿನಲ್ಲಿ 6 ಜನರಿಗೊಬ್ಬರು ಒಂಟಿತನದಿಂದ ಬಳಲುತ್ತಾರೆ. ಹೃದ್ರೋಗ, ಪಾರ್ಶ್ವವಾಯು, ಮಧುಮೇಹಗಳ ಅಪಾಯವನ್ನು ಅದು ಹೆಚ್ಚಿಸುತ್ತದೆ.

ಇದಕ್ಕೆ ಔಷಧವೇನು? ಇಂಗ್ಲೆಂಡಿನಲ್ಲಿ 50 ವರ್ಷ ದಾಟಿದ 6710 ಜನರನ್ನು 14 ವರ್ಷ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಕೆಲವು ತಿಂಗಳಿಗೊಮ್ಮೆಯಾದರೂ ನಾಟಕ, ಸಂಗೀತ, ಕಲಾಪ್ರದರ್ಶನಗಳಿಗೆ ಹೋಗುವವರಲ್ಲಿ ಮರಣದ ಸಂಭವ, ಎಂದೂ ಹೋಗದವರಿಗಿಂತ ಶೇಕಡಾ 31ರಷ್ಟು ಕಡಿಮೆ ಇದ್ದಿತು. ನಾಟಕವೇ ಆಯುಷ್ಯವನ್ನು ಹೆಚ್ಚಿಸಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಆರೋಗ್ಯವಂತರೇ ಹೆಚ್ಚಾಗಿ ಹೊರಗೆ ಹೋಗುತ್ತಾರೆಂಬುದೂ ನಿಜ. ಆದರೂ ಆರೋಗ್ಯ, ಆದಾಯ, ವಿದ್ಯೆಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಉಳಿದ ಅಂತರವಿದು.

'ಇಲ್ಲಿ ಕನ್ನಡ ನಾಟಕವೆಲ್ಲಿದೆ?' ಎಂದು ಕೆಲವರು ಕೇಳಬಹುದು. ಕಾಯುವ ಅಗತ್ಯವಿಲ್ಲ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಮರಾಠಿ ರಂಗಭೂಮಿಗೆ ನಾಂದಿ ಹಾಡಿದ್ದು, ಕನ್ನಡ ನಾಡಿನಿಂದ ಬಂದ ಭಾಗವತ ಮೇಳದ ಆಟದ ಪ್ರೇರಣೆಯಿಂದಲೇ. ಆದುದರಿಂದ ಮರಾಠಿ ನಾಟಕ ಕನ್ನಡಿಗನಿಗೆ ನಂಟರ ಮನೆಯಿದ್ದಂತೆ. ವಿದರ್ಭದ ಪೂರ್ವಭಾಗದ ಭಂಡಾರಾ, ಗೋಂದಿಯಾ, ಚಂದ್ರಪುರ, ಗಡಚಿರೋಲಿ ಜಿಲ್ಲೆಗಳಲ್ಲಿ ಸುಗ್ಗಿಯ ನಂತರ ಝಾಡಿಪಟ್ಟಿ ನಾಟಕಗಳು ಬೆಳಗಿನವರೆಗೆ ನಡೆಯುತ್ತವೆ. ಈ ರಂಗಭೂಮಿಯ ಕಲಾವಿದ ಪರಶುರಾಮ ಖುಣೆಯವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ಮಾತು ಅರ್ಥವಾಗದ ಕಡೆ ಪಕ್ಕದಲ್ಲಿ ಕುಳಿತ ಮರಾಠಿ ಗೆಳೆಯ ವಿವರಿಸಿಯಾನು. ಸ್ನೇಹ ಬೆಳೆಯುವುದೂ ಹಾಗೆಯೇ.

ಕೆಲವು ಎಚ್ಚರಿಕೆಗಳು ಅವಶ್ಯ. ಮಧುಮೇಹ, ರಕ್ತದೊತ್ತಡವುಳ್ಳವರು ಊಟ ಮತ್ತು ಮಾತ್ರೆಗಳ ವೇಳೆಯನ್ನು ತಪ್ಪಿಸಬಾರದು. ವಯಸ್ಸಾದವರಿಗೆ ರಾತ್ರಿಯಿಡೀ ನಡೆಯುವ ಆಟಕ್ಕಿಂತ ಸಂಜೆಯ ಪ್ರಯೋಗವೇ ಲೇಸು. ಪಾಳಿಯ ಕೆಲಸದವರು ವಾರದ ರಜೆಯ ದಿನವನ್ನು ಆರಿಸಿಕೊಳ್ಳಲಿ. ಚಳಿಗಾಲದಲ್ಲಿ ಶಾಲು ಜೊತೆಗಿರಲಿ.

ಟಿಕೇಟು ಕೊಳ್ಳುವಾಗ ಮಾತ್ರ ಎರಡು ಕೊಳ್ಳಬೇಕು. ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿರುವ ಪರಿಚಿತರೊಬ್ಬರು ಪ್ರತಿ ಬಡಾವಣೆಯಲ್ಲಿಯೂ ಇರುತ್ತಾರೆ. ಎರಡನೆಯದು ಅವರಿಗೆ ಸಲ್ಲತಕ್ಕದ್ದು.