ಕೊಳ್ಳುವವನ ಮನಸ್ಸನ್ನು ಓದುವ ವಿದ್ಯೆ



ನಮ್ಮ ಸದಸ್ಯರ ಮನೆಯ ಮಕ್ಕಳಲ್ಲಿ ವಾಣಿಜ್ಯ ಹಾಗೂ ವ್ಯವಹಾರ ಆಡಳಿತದ ಪದವಿಗೆ ಸೇರುವವರು ಹೆಚ್ಚಾಗುತ್ತಿದ್ದಾರೆ. ಅವರ ಪಠ್ಯಕ್ರಮದಲ್ಲಿ ಮಾರುಕಟ್ಟೆ ಶಾಸ್ತ್ರದ ಒಂದು ಭಾಗವಾಗಿ 'ಗ್ರಾಹಕರ ವರ್ತನೆ' ಎಂಬ ವಿಷಯವಿದೆ. "ಇದರಲ್ಲಿ ಕಲಿಯುವುದೇನಿದೆ? ಅಗ್ಗವಾದರೆ ಕೊಳ್ಳುತ್ತಾನೆ, ತುಟ್ಟಿಯಾದರೆ ಬಿಡುತ್ತಾನೆ. ಇಷ್ಟಕ್ಕೆ ಕಾಲೇಜು ಬೇಕೆ?" ಎಂದು ಹಿರಿಯ ಸದಸ್ಯರು ಕೇಳುವುದುಂಟು.

ಈ ಪ್ರಶ್ನೆಗೆ ಉತ್ತರ ಹುಡುಕುವ ಅಗತ್ಯ ಈಗ ಬಂದಿದೆ. ಸಂಘದ ಹೆಸರಿನಲ್ಲಿ ಕಾಫಿಪುಡಿಯನ್ನು ಪೊಟ್ಟಣ ಕಟ್ಟಿ ಮಾರಬೇಕೆಂಬ ಸಲಹೆ ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ಬರಲಿದೆ. ಹುರಿಯುವ ಯಂತ್ರ, ಪುಡಿ ಮಾಡುವ ಯಂತ್ರ, ಪೊಟ್ಟಣ, ಅಂಗಡಿಯವರಿಗೆ ಕೊಡುವ ಉದ್ದರಿ ಎಲ್ಲಕ್ಕೂ ಹಣ ಸದಸ್ಯರ ಷೇರಿನಿಂದಲೇ ಬರಬೇಕು. ಪುಡಿ ಅಂಗಡಿಯ ಕಪಾಟಿನಲ್ಲಿ ಕುಳಿತು ವಾಸನೆ ಕಳೆದುಕೊಂಡರೆ ಆ ನಷ್ಟವೂ ನಮ್ಮದೇ. ಆದುದರಿಂದ ಮಕ್ಕಳು ಓದುವ ಈ ವಿಷಯವನ್ನು ದೊಡ್ಡವರಾದ ನಾವೂ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಕೊಳ್ಳುವವನ ಮುಖ ನಮಗೇಕೆ ಕಾಣಲಿಲ್ಲ?

ಸಣ್ಣ ಬೆಳೆಗಾರರಿಗೆ ಗಿಡದ ಗುಣ ಗೊತ್ತು, ಮಳೆಯ ಲೆಕ್ಕ ಗೊತ್ತು, ಆಳಿನ ಕಷ್ಟ ಗೊತ್ತು. ತಮ್ಮ ಕಾಫಿಯನ್ನು ಕೊನೆಗೆ ಕುಡಿಯುವವರು ಯಾರೆಂಬುದು ಮಾತ್ರ ಗೊತ್ತಿಲ್ಲ. ಇದಕ್ಕೆ ಕಾರಣವಿದೆ. 1942ರ ಕಾಫಿ ಕಾಯಿದೆಯ ನಂತರ ಐವತ್ತು ವರ್ಷ ಕಾಲ ಕಾಫಿ ಮಂಡಳಿಯೇ ಬೆಳೆಗಾರರ ಕಾಫಿಯನ್ನು ಪೂಲಿಗೆ ಸೇರಿಸಿಕೊಂಡು ಮಾರುತ್ತಿತ್ತು. ಕ್ಯೂರಿಂಗ್ ಕಾರ್ಖಾನೆಗೆ ಕಾಫಿ ಒಪ್ಪಿಸಿದರೆ ನಮ್ಮ ಕೆಲಸ ಮುಗಿಯಿತು. ಹಣ ಕಂತು ಕಂತಾಗಿ ಬರುತ್ತಿತ್ತು. 1992ರಿಂದ ಆ ಕಟ್ಟು ಸಡಿಲವಾಗುತ್ತಾ ಬಂದು, 1996ರಲ್ಲಿ ಎಲ್ಲ ಬೆಳೆಗಾರರಿಗೂ ತಮ್ಮ ಕಾಫಿಯನ್ನು ತಾವೇ ಮಾರುವ ಸ್ವಾತಂತ್ರ್ಯ ದೊರೆಯಿತು. ಸ್ವಾತಂತ್ರ್ಯವೇನೋ ಬಂದಿತು, ಗಿರಾಕಿಯ ಪರಿಚಯ ಮಾತ್ರ ಅದರ ಜೊತೆಯಲ್ಲಿ ಬರಲಿಲ್ಲ.

ಅಡಿಕೆಯಲ್ಲೂ ಹೀಗೆಯೇ. ರಾಶಿ, ಬೆಟ್ಟೆ, ಗೊರಬಲು, ಹೊಸ ಚಾಲಿ, ಹಳೆ ಚಾಲಿ ಎಂದು ವಿಂಗಡಿಸುವುದನ್ನು ಮಂಡಿಯವರ ಕಣ್ಣಿನಿಂದ ಕಲಿತೆವು. ಆ ವಿಂಗಡಣೆಯ ಹಿಂದೆ ದೂರದ ಊರಿನಲ್ಲಿ ಅದನ್ನು ಅಗಿಯುವವನೊಬ್ಬನ ಇಷ್ಟಾನಿಷ್ಟಗಳಿವೆ ಎಂಬುದನ್ನು ಯೋಚಿಸಿದವರು ಕಡಿಮೆ.

ಪಾಠದಲ್ಲಿ ಏನಿದೆ?

ಗ್ರಾಹಕರ ವರ್ತನೆ ಪ್ರತ್ಯೇಕ ವಿಷಯವಾಗಿ ಬೆಳೆದದ್ದು ಅಮೆರಿಕದಲ್ಲಿ, 1960ರ ದಶಕದಲ್ಲಿ. ಎಂಗೆಲ್, ಕೊಲ್ಲಾಟ್ ಮತ್ತು ಬ್ಲ್ಯಾಕ್‌ವೆಲ್ ಎಂಬ ಮೂವರು ಬರೆದ ಪಠ್ಯಪುಸ್ತಕ 1968ರಲ್ಲಿ ಹೊರಬಂದಿತು. ಮರುವರ್ಷವೇ ಹೊವರ್ಡ್ ಮತ್ತು ಜಗದೀಶ್ ಶೇಠ್ ಅವರ ಗ್ರಂಥ ಪ್ರಕಟವಾಯಿತು. ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಮೂರರಿಂದಲೂ ಬೇಕಾದುದನ್ನು ಎರವಲು ಪಡೆದು ಕಟ್ಟಿದ ವಿದ್ಯೆ ಇದು.

ಕೊಳ್ಳುವಿಕೆಯಲ್ಲಿ ಐದು ಹಂತಗಳಿವೆ ಎಂದು ತರಗತಿಯಲ್ಲಿ ಹೇಳಿಕೊಡುತ್ತಾರೆ. ಬೇಕು ಎನ್ನಿಸುವುದು, ವಿಚಾರಿಸುವುದು, ಒಂದಕ್ಕೊಂದು ಹೋಲಿಸಿ ತೂಗುವುದು, ಕೊಳ್ಳುವುದು, ಕೊಂಡ ಮೇಲೆ ಸಮಾಧಾನವನ್ನೋ ಪಶ್ಚಾತ್ತಾಪವನ್ನೋ ಪಡುವುದು. ನಾವು ಕಳೆ ಕೊಚ್ಚುವ ಯಂತ್ರವನ್ನು ತಂದ ಬಗೆಯನ್ನು ನೆನೆಯೋಣ. ಆಳು ಸಿಗದೆ ಕಳೆ ಮೊಣಕಾಲೆತ್ತರ ಬೆಳೆದಾಗ 'ಬೇಕು' ಎನ್ನಿಸಿತು. ಪಕ್ಕದ ತೋಟದವರನ್ನು ಕೇಳಿದೆವು. ಎರಡು ಕಂಪನಿಯ ಯಂತ್ರಗಳನ್ನು ಹೋಲಿಸಿದೆವು. ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ ಎಂದು ನೋಡಿದೆವು. ಕೊಂಡೆವು. ಮೊದಲ ಮಳೆಗಾಲದಲ್ಲೇ ಅದು ಕೈಕೊಟ್ಟಿದ್ದರೆ ಆ ಕಂಪನಿಯ ಹೆಸರನ್ನು ಹತ್ತು ಜನರ ಮುಂದೆ ಹೇಳುತ್ತೇವೆ. ಐದನೆಯ ಹಂತವೇ ಇನ್ನೊಬ್ಬನ ಎರಡನೆಯ ಹಂತವಾಗುತ್ತದೆ. ಮಾರುವವನು ಮರೆಯಬಾರದ ಮಾತು ಇದು.

ಕೊಳ್ಳುವ ಮನೆಯಲ್ಲೂ ಎಲ್ಲರ ಪಾತ್ರ ಒಂದೇ ಅಲ್ಲ. ಬೇಕೆಂದವರು ಒಬ್ಬರು, ಸಲಹೆ ಕೊಟ್ಟವರು ಇನ್ನೊಬ್ಬರು, ತೀರ್ಮಾನಿಸಿದವರು ಮತ್ತೊಬ್ಬರು. ಅಂಗಡಿಗೆ ಹೋಗುವ ಹುಡುಗನ ಕೈಗೆ ಹಣ ಕೊಟ್ಟರೂ ಯಾವ ಪುಡಿ ಎಂಬುದನ್ನು ನಿಶ್ಚಯಿಸುವವರು ಅಡಿಗೆಮನೆಯಲ್ಲಿರುತ್ತಾರೆ.

ಎರಡು ಸಾಮಾನು ಚೀಟಿಗಳ ಕತೆ

ಈ ಶಾಸ್ತ್ರದ ಪ್ರಸಿದ್ಧ ಪ್ರಯೋಗವೊಂದು ಕಾಫಿಗೇ ಸಂಬಂಧಿಸಿದ್ದು. ನೀರಿಗೆ ಹಾಕಿ ಕಲಸಿದರೆ ಸಿದ್ಧವಾಗುವ ನೆಸ್ಕೆಫೆ ಅಮೆರಿಕದಲ್ಲಿ ಹೊಸದಾಗಿದ್ದ ಕಾಲ. ಅದನ್ನು ಬಳಸದ ಗೃಹಿಣಿಯರನ್ನು ಏಕೆಂದು ಕೇಳಿದರೆ, ಬಹಳ ಮಂದಿ "ರುಚಿ ಹಿಡಿಸದು" ಎಂದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೇಸನ್ ಹೇರ್ ಎಂಬ ಮನಶ್ಶಾಸ್ತ್ರಜ್ಞರಿಗೆ ಈ ಉತ್ತರದ ಮೇಲೆ ಅನುಮಾನ ಬಂದಿತು. ಅವರು ಎರಡು ಸಾಮಾನು ಚೀಟಿಗಳನ್ನು ಬರೆದರು. ಎರಡರಲ್ಲೂ ಮಾಂಸ, ಬ್ರೆಡ್ಡು, ಗಜ್ಜರಿ, ಬೇಕಿಂಗ್ ಪುಡಿ, ಡಬ್ಬಿಯ ಪೀಚ್ ಹಣ್ಣು, ಆಲೂಗಡ್ಡೆ ಒಂದೇ ರೀತಿ ಇದ್ದವು. ಒಂದರಲ್ಲಿ ನೆಸ್ಕೆಫೆ, ಇನ್ನೊಂದರಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಎಂಬ ಸಾಧಾರಣ ಕಾಫಿಪುಡಿ, ವ್ಯತ್ಯಾಸ ಇಷ್ಟೇ. ಒಟ್ಟು ನೂರು ಗೃಹಿಣಿಯರಲ್ಲಿ ಅರ್ಧ ಜನಕ್ಕೆ ಒಂದು ಚೀಟಿ, ಉಳಿದರ್ಧಕ್ಕೆ ಇನ್ನೊಂದನ್ನು ತೋರಿಸಿ, "ಈ ಚೀಟಿ ಬರೆದ ಹೆಂಗಸು ಎಂಥವಳಿರಬಹುದು?" ಎಂದು ಕೇಳಿದರು.

ನೆಸ್ಕೆಫೆ ಚೀಟಿ ನೋಡಿದವರಲ್ಲಿ ಶೇ. 48 ಮಂದಿ ಆಕೆ ಸೋಮಾರಿ ಎಂದರು. ಇನ್ನೊಂದು ಚೀಟಿ ನೋಡಿದವರಲ್ಲಿ ಹಾಗೆಂದವರು ಶೇ. 4 ಮಾತ್ರ. ಮನೆವಾರ್ತೆಯ ಯೋಜನೆ ಅರಿಯದವಳು ಎಂದವರು ಅಲ್ಲಿ ಶೇ. 48, ಇಲ್ಲಿ ಶೇ. 12. ಈ ಫಲಿತಾಂಶ 1950ರಲ್ಲಿ ಪ್ರಕಟವಾಯಿತು. 'ರುಚಿ' ಎಂಬ ಉತ್ತರದ ಹಿಂದೆ 'ನೆರೆಯವರು ನನ್ನನ್ನು ಏನೆಂದುಕೊಂಡಾರು' ಎಂಬ ಅಳುಕೂ ಅಡಗಿತ್ತು ಎಂಬುದು ಇದರಿಂದ ಹೊರಬಿದ್ದಿತು. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ನಮ್ಮ ಗಾದೆಯನ್ನು ಇಲ್ಲಿ ಸ್ವಲ್ಪ ತಿದ್ದಬೇಕಾಗುತ್ತದೆ; ಊಟದಲ್ಲೂ ಪರರಿಚ್ಛೆ ಸೇರಿಕೊಂಡಿದೆ.

ಕತೆ ಇಲ್ಲಿಗೇ ಮುಗಿಯದು. ಇಪ್ಪತ್ತು ವರ್ಷಗಳ ನಂತರ, 1970ರಲ್ಲಿ, ವೆಬ್‌ಸ್ಟರ್ ಮತ್ತು ಫಾನ್ ಪೆಕ್‌ಮನ್ ಎಂಬುವರು ಇದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ದೊಡ್ಡ ಅಂತರ ಕಾಣಲಿಲ್ಲ. ಅಷ್ಟು ಹೊತ್ತಿಗೆ ಕಲಸುವ ಕಾಫಿ ಮನೆಮನೆಯ ವಸ್ತುವಾಗಿತ್ತು. ಗ್ರಾಹಕನ ಮನಸ್ಸು ಕಲ್ಲಿನ ಶಾಸನವಲ್ಲ, ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಒಮ್ಮೆ ಅಳೆದ ಅಳತೆಯನ್ನು ಎಂದೆಂದಿಗೂ ನಂಬಿ ಕೂರಬಾರದು ಎಂಬುದೂ ಪಾಠದ ಒಂದು ಭಾಗವೇ.

ನೆರೆಯವನ ಮಾತಿನ ಬೆಲೆ

ಈ ಶಾಸ್ತ್ರಕ್ಕೆ ರೈತರಿಂದ ಬಂದ ಕೊಡುಗೆಯೂ ಇದೆ. ಅಮೆರಿಕದ ಅಯೋವಾ ಪ್ರಾಂತದಲ್ಲಿ ಮಿಶ್ರತಳಿ ಮುಸುಕಿನ ಜೋಳದ ಬೀಜ ಹೇಗೆ ಹರಡಿತೆಂಬುದನ್ನು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ವಿದ್ವಾಂಸರು 259 ರೈತರನ್ನು ಕೇಳಿ ಅಭ್ಯಸಿಸಿ 1943ರಲ್ಲಿ ಪ್ರಕಟಿಸಿದರು. ಬೀಜದ ಸುದ್ದಿ ಬಹುಮಂದಿಗೆ ಮೊದಲು ತಲುಪಿದ್ದು ಕಂಪನಿಯ ಮಾರಾಟಗಾರನಿಂದ. ಆದರೆ ನಂಬಿಕೆ ಹುಟ್ಟಿಸಿದ್ದು ಪಕ್ಕದ ಹೊಲದ ರೈತ. ಕೇಳಿದ ಕೂಡಲೇ ಯಾರೂ ಬಿತ್ತಲಿಲ್ಲ. ಮೊದಲು ಒಂದು ತುಂಡು ಹೊಲದಲ್ಲಿ ಹಾಕಿ ನೋಡಿದರು. ಕೊನೆಗೆ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಆ ಬೀಜಕ್ಕೆ ಬಂದರು.

ಅಡಿಕೆ ಕೊಯ್ಲಿಗೂ ಔಷಧಿ ಸಿಂಪಡಣೆಗೂ ಕಾರ್ಬನ್ ಫೈಬರ್ ದೋಟಿ ಬಂದಾಗ ನಮ್ಮಲ್ಲಿ ಆದದ್ದೂ ಹೆಚ್ಚು ಬೇರೆಯಲ್ಲ. ಜಾಹೀರಾತು ಸುದ್ದಿ ಮುಟ್ಟಿಸುತ್ತದೆ, ನೆರೆಯವನು ಒಪ್ಪಿಸುತ್ತಾನೆ. ಸಂಘದ ಪುಡಿಯನ್ನು ಸದಸ್ಯರ ಮನೆಯಲ್ಲೇ ಕುಡಿಯದಿದ್ದರೆ ಪೇಟೆಯವರು ಕೊಂಡಾರೆಂದು ಹೇಗೆ ನಂಬುವುದು?

ನಾಲಗೆಯೂ ಹೆಸರೂ

1964ರಲ್ಲಿ ಅಮೆರಿಕದಲ್ಲಿ ಆಲಿಸನ್ ಮತ್ತು ಊಲ್ ಎಂಬುವರು ಬಿಯರ್ ಕುಡಿಯುವ 326 ಜನರಿಗೆ ಚೀಟಿ ಕಿತ್ತ ಸೀಸೆಗಳನ್ನು ಕೊಟ್ಟು ನೋಡಿದರು. ಒಟ್ಟಾರೆಯಾಗಿ ಅವರಿಗೆ ತಮ್ಮ ಮೆಚ್ಚಿನ ಬಿಯರನ್ನೂ ಗುರುತಿಸಲಾಗಲಿಲ್ಲ. ಚೀಟಿ ಹಚ್ಚಿ ಕೊಟ್ಟಾಗ ಮಾತ್ರ ತಮ್ಮದೇ ಮೇಲೆಂದರು. ಜನ ನಾಲಗೆಯಿಂದ ಮಾತ್ರವಲ್ಲ, ಹೆಸರಿನಿಂದಲೂ ರುಚಿ ನೋಡುತ್ತಾರೆ.

ನಮ್ಮ ಜಿಲ್ಲೆಗಳ ಕಾಫಿಗೂ ಹೆಸರಿನ ಬಲವಿದೆ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಶಿರಸಿ ಅಡಿಕೆಗೂ ಅದೇ ವರ್ಷ ದೊರೆಯಿತು. ಮಲೆನಾಡಿನವರೇ ಕಟ್ಟಿದ ಕೆಫೆ ಕಾಫಿ ಡೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಅಂಗಡಿ ತೆರೆದಾಗ ಅಲ್ಲಿ ಕಾಫಿಯ ಜೊತೆ ಇಂಟರ್ನೆಟ್ಟೂ ಇತ್ತು. ಒಂದು ಲೋಟ ಕಾಫಿಯ ಹೊತ್ತಿನಲ್ಲಿ ಎಷ್ಟೋ ನಡೆಯಬಹುದು ಎಂಬ ಅರ್ಥದ ಅವರ ಘೋಷವಾಕ್ಯದಲ್ಲಿ ರುಚಿಯ ಪ್ರಸ್ತಾಪವೇ ಇಲ್ಲ. ಕುಳಿತು ಮಾತನಾಡುವ ಜಾಗಕ್ಕೂ ಯುವಕರು ಹಣ ಕೊಡುತ್ತಾರೆಂದು ಅವರು ಕಂಡುಕೊಂಡಿದ್ದರು.

ಇನ್ನು ಚಿಕೋರಿಯ ವಿಚಾರ. 'ಶುದ್ಧ ಕಾಫಿಯನ್ನೇ ಮಾರಬೇಕು' ಎಂಬುದು ನಮ್ಮೆಲ್ಲರ ಆಸೆ. ಆದರೆ ದಕ್ಷಿಣದ ಎಷ್ಟೋ ಮನೆಗಳಲ್ಲಿ ಫಿಲ್ಟರ್ ಕಾಫಿ ಎಂದರೆ ಚಿಕೋರಿ ಬೆರೆತ ಗಟ್ಟಿ ಡಿಕಾಕ್ಷನ್ನೇ. ಅಂಥವರಿಗೆ ಶುದ್ಧ ಕಾಫಿ ತೆಳ್ಳಗೆ ಕಂಡೀತು. ಕಾನೂನಿನ ಪ್ರಕಾರ ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು. ಶುದ್ಧವೋ ಮಿಶ್ರಣವೋ, ಮಿಶ್ರಣವಾದರೆ ಎಷ್ಟು ಎಂಬುದನ್ನು ನಾವು ಕಚೇರಿಯಲ್ಲಿ ಕುಳಿತು ನಿಶ್ಚಯಿಸುವಂತಿಲ್ಲ. ಕುಡಿಯುವವರನ್ನು ಕೇಳಬೇಕು.

ಅಡಿಕೆಯ ಕಹಿ ಮಾತು

ಗ್ರಾಹಕನನ್ನು ಓದುವುದೆಂದರೆ ನಮಗೆ ಹಿತವಲ್ಲದ್ದನ್ನೂ ಓದುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಯದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 2012ರಿಂದ ರಾಜ್ಯಗಳು ಒಂದೊಂದಾಗಿ ಗುಟ್ಕಾ ನಿಷೇಧಿಸಿದವು. ಕರ್ನಾಟಕದಲ್ಲಿ 2013ರಲ್ಲಿ ನಿಷೇಧ ಬಂದಿತು. ಆಗ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಅಂಗಡಿಗಳಲ್ಲಿ ಜೋಡಿಯಾಗಿ ಬಂದವು. ಕೊಂಡವನು ತಾನೇ ಬೆರೆಸಿಕೊಂಡ. ಚಟವಾದ ವಸ್ತುವಿನಲ್ಲಿ ಗ್ರಾಹಕನ ನಡೆ ಕಾನೂನಿಗಿಂತ ಹಟಮಾರಿ ಎಂಬುದಕ್ಕೆ ಇದು ಸಾಕ್ಷಿ.

ಇದನ್ನು ಕಂಡು ನಿಶ್ಚಿಂತರಾಗುವುದು ತಪ್ಪು. ಇಂದು ಬೇಡಿಕೆ ಇದೆ ಎಂಬುದು ನಾಳಿನ ಭರವಸೆಯಲ್ಲ. ಒಂದೇ ಬೆಳೆಯನ್ನು ನಂಬಿರುವ ಸಣ್ಣ ಹಿಡುವಳಿದಾರರು ಕಾಫಿ, ಕಾಳುಮೆಣಸು, ಕೋಕೋಗಳನ್ನು ಜೊತೆಗೆ ಉಳಿಸಿಕೊಳ್ಳುವುದು ಕ್ಷೇಮ.

ನಾವು ಮಾಡಬಹುದಾದದ್ದು

ಯಂತ್ರ ಕೊಳ್ಳುವುದಕ್ಕೆ ಮುಂಚೆ ಮೂರು ಸಣ್ಣ ಕೆಲಸಗಳನ್ನು ಮಾಡೋಣವೆಂಬುದು ನನ್ನ ಸೂಚನೆ. ಕಾಲೇಜಿನಲ್ಲಿ ಓದುತ್ತಿರುವ ಸದಸ್ಯರ ಮಕ್ಕಳಿಗೆ ಹೇಗೂ ಪ್ರಾಜೆಕ್ಟ್ ಮಾಡುವುದಿರುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಇದನ್ನೇ ಮಾಡಲಿ.

ಮೊದಲನೆಯದು, ಪೇಟೆಯ ಎರಡು ಮೂರು ಅಂಗಡಿಗಳಲ್ಲಿ ಮಾಲೀಕರ ಅನುಮತಿ ಪಡೆದು ಎಂಟು ದಿನ ನಿಂತು ಬರೆದುಕೊಳ್ಳುವುದು. ಪುಡಿ ಕೇಳಿದವರು ಹೆಸರು ಹೇಳಿ ಕೇಳಿದರೋ, ಬೆಲೆ ಕೇಳಿ ತೆಗೆದುಕೊಂಡರೋ, ಯಾವ ಅಳತೆಯ ಪೊಟ್ಟಣ ಒಯ್ದರು, ಚಿಕೋರಿ ಎಷ್ಟರದ್ದು? ಜನ ಹೇಳುವುದಕ್ಕಿಂತ ಮಾಡುವುದನ್ನು ನೋಡುವುದು ಹೆಚ್ಚು ನಂಬತಕ್ಕದ್ದು.

ಎರಡನೆಯದು, ಶುದ್ಧ ಕಾಫಿ ಮತ್ತು ಎರಡು ಬಗೆಯ ಮಿಶ್ರಣ, ಈ ಮೂರನ್ನೂ ಹೆಸರಿಲ್ಲದ ಲೋಟಗಳಲ್ಲಿ ಕೊಟ್ಟು ಯಾವುದು ಇಷ್ಟವೆಂದು ಗುರುತು ಹಾಕಿಸುವುದು. ಹಾಲು, ಸಕ್ಕರೆ, ಬಿಸಿ ಮೂರಕ್ಕೂ ಸಮನಾಗಿರಬೇಕು. ಲೋಟ ಕೊಡುವ ಸರದಿಯನ್ನು ಒಬ್ಬೊಬ್ಬರಿಗೆ ಬದಲಿಸಬೇಕು. ಸಂಘದ ಸದಸ್ಯರಲ್ಲದವರೇ ಹೆಚ್ಚಾಗಿರಲಿ. ನಮ್ಮ ಮಗುವನ್ನು ನಾವು ಚೆಲುವೆಂದೇ ಹೇಳುತ್ತೇವೆ.

ಮೂರನೆಯದು, ಹೇರ್ ಅವರಂತೆ ಬಳಸು ದಾರಿಯಿಂದ ಕೇಳುವುದು. "ಸಂಘದ ಪುಡಿ ಕೊಳ್ಳುವಿರಾ?" ಎಂದು ನೇರವಾಗಿ ಕೇಳಿದರೆ ದಾಕ್ಷಿಣ್ಯಕ್ಕೆ "ಆಗಲಿ" ಎನ್ನುತ್ತಾರೆ. "ಈ ಪೊಟ್ಟಣ ಕೊಳ್ಳುವವರು ಎಂಥ ಮನೆಯವರಿರಬಹುದು?" ಎಂದು ಕೇಳಿದರೆ ಮನಸ್ಸಿನ ಮಾತು ಹೊರಬರುತ್ತದೆ. ಉತ್ತರಗಳಲ್ಲಿ 'ಸರ್ಕಾರಿ ಸಾಮಾನಿನಂತಿದೆ' ಎಂದು ಪದೇ ಪದೇ ಬಂದರೆ ಪೊಟ್ಟಣವನ್ನೇ ಬದಲಿಸಬೇಕಾಗುತ್ತದೆ.

ಈ ವಿದ್ಯೆಯಿಂದ ಗ್ರಾಹಕನನ್ನು ಮೋಸಗೊಳಿಸುವವರೂ ಇದ್ದಾರೆ. ಮನಸ್ಸಿನ ಅಳುಕನ್ನು ಕಂಡು ಅದನ್ನೇ ಚುಚ್ಚಿ ಬೇಡದ್ದನ್ನು ಮಾರುವುದು ಕಷ್ಟವೇನಲ್ಲ. ಸಹಕಾರ ಸಂಘಕ್ಕೆ ಆ ದಾರಿ ಸಲ್ಲದು. ಚಿಕೋರಿಯ ಪ್ರಮಾಣವನ್ನು ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವುದು, ಹುರಿದ ದಿನವನ್ನು ನಮೂದಿಸುವುದು, ತೂಕ ಸರಿಯಾಗಿ ಕೊಡುವುದು, ಇವೂ ಗ್ರಾಹಕನ ಮನಸ್ಸನ್ನು ಅರಿತವರ ಕೆಲಸವೇ. ಮೊದಲ ಪೊಟ್ಟಣವನ್ನು ಕುತೂಹಲದಿಂದ ಕೊಳ್ಳುತ್ತಾರೆ, ಎರಡನೆಯದನ್ನು ನಂಬಿಕೆಯಿಂದ.

ಈ ಮೂರು ಕೆಲಸಗಳಿಗೆ ಹೆಚ್ಚಿನ ಖರ್ಚಿಲ್ಲ. ಒಪ್ಪುವ ಸದಸ್ಯರು ತಮ್ಮ ಮಕ್ಕಳ ಹೆಸರು, ಓದುತ್ತಿರುವ ತರಗತಿಯನ್ನು ಕಚೇರಿಯಲ್ಲಿ ಬರೆಸಬೇಕಾಗಿ ವಿನಂತಿ. ಬಂದ ಫಲಿತಾಂಶವನ್ನು, ಅದು ನಮಗೆ ಅನುಕೂಲವಾಗಿರಲಿ ಪ್ರತಿಕೂಲವಾಗಿರಲಿ, ಮಹಾಸಭೆಯ ಮುಂದೆ ಇಡಲಾಗುವುದು. ಯಂತ್ರ ಬೇಕೇ ಬೇಡವೇ ಎಂಬುದನ್ನು ಅದನ್ನು ನೋಡಿದ ಮೇಲೆ ಸದಸ್ಯರೇ ತೀರ್ಮಾನಿಸಲಿ.

– ಕಾರ್ಯದರ್ಶಿ